ನಲವತ್ತೈದು ನಿಮಿಷ

ಶಿಕಾಗೋ. ಫೆಬ್ರುವರಿ. ಗಾಜಿನಾಚೆ ಹಿಮ
ಬಸ್ಸಿನ ಗಾಲಿಗೆ ಸಿಕ್ಕು ಬೂದಿಬಣ್ಣ.
ತಾಯಿಯನ್ನು ಮಣ್ಣು ಮಾಡಿ ಬಂದ ಅಣ್ಣತಮ್ಮ
ಎದುರುಬದುರು; ಮಾತು ಬಿಟ್ಟು ಹನ್ನೊಂದು ವರ್ಷ.

ತಮ್ಮ ಎನ್ನಿಯೊ ಈಗ ಬ್ರೂಕ್ಲಿನ್ನಿನವನು.
ಅಲ್ಲಿ ಪಿಜ್ಜಾ ಎಂದರೆ ಹಾಳೆ:
ತುಂಡನ್ನು ನಡುವೆ ಮಡಿಸಿ
ಮೊಣಕೈವರೆಗೆ ಎಣ್ಣೆ ಇಳಿಸಿಕೊಂಡು
ಸಿಗ್ನಲ್ ಹಸಿರಾಗುವಷ್ಟರಲ್ಲಿ ಮುಗಿಸಿ
ರೈಲು ಹಿಡಿಯುವುದು.

"ಇದು ಪಿಜ್ಜಾ ಅಲ್ಲ, ಬಾವಿ" ಅಂದ, ಮೆನು ನೋಡಿ.
ಅವನ ಮೊದಲ ಮಾತು.

ಲಿಬೊರಿಯೊ ನಗಲಿಲ್ಲ. ಅವನಿಗೂ ಇದು ಸೇರದು.
ಈ ಓಣಿಯವರು ಶುಕ್ರವಾರ ಬಿಯರಿಗೆ ನಂಚಿಕೊಳ್ಳುವುದು
ಹಪ್ಪಳದಂಥದ್ದು, ಚೌಕ ಚೌಕ ಕತ್ತರಿಸಿದ್ದು,
ಮೂಲೆಯ ಕರಿದ ಚೂರಿಗೆ
ಒಂದು ಕಾಲಕ್ಕೆ ಇವರಿಬ್ಬರೂ ಕಿತ್ತಾಡಿದ್ದು.

ಆದರೂ ಹೇಳಿದ: "ಡೀಪ್ ಡಿಶ್. ದೊಡ್ಡದು."
"ನಲವತ್ತೈದು ನಿಮಿಷ ಹಿಡಿಯುತ್ತೆ" ಎಂದಳು ಬಡಿಸುವವಳು.
"ಗೊತ್ತು."

ಒಳಗೆ, ಕರೀ ಬಾಣಲೆಯ ತಳದಲ್ಲಿ
ಮೊದಲು ಚೀಸ್, ಆಮೇಲೆ ಸಾಸೇಜ್,
ಎಲ್ಲಕ್ಕೂ ಮೇಲೆ ಟೊಮೆಟೊ.
ತಲೆಕೆಳಗು ಕಟ್ಟಿದ್ದು, ಬೇಗ ಬೇಯದು.

ಎನ್ನಿಯೊ ಗಡಿಯಾರ ನೋಡಿದ.
ಕೋಟು ಬಿಚ್ಚಿ ಕುರ್ಚಿಗೆ ಹಾಕಿದ.
"ಕೊನೇ ದಿನ ಅವಳು
ಏನಾದರೂ ತಿಂದಳಾ?" ಅಂದ.