ಬುಟ್ಟಿಯ ತೂಕ

ತದಡಿಯ ಐಸ್ ಫ್ಯಾಕ್ಟರಿಯ ಮೇಲಿನ ಕೋಣೆಯಲ್ಲಿ
ನಾವಿಬ್ಬರು ಒಂದು ಆಟ ಕಟ್ಟುತ್ತಿದ್ದೆವು.
ಪರದೆ ತುಂಬ ಬೂದು. ಕೆಳಗೊಂದು ಗೆರೆ, ಅದು ನೀರು.
ಗೆರೆಯ ಮೇಲೊಂದು ಬಿಳಿ ಚೌಕ,
ಕಣ್ಣಿಲ್ಲ, ಹೆಸರಿಲ್ಲ.
ಎಡಕ್ಕೆ, ಬಲಕ್ಕೆ, ಮೇಲಕ್ಕೆ. ಅಷ್ಟೇ ಅದರ ಬದುಕು.

ಅದರ ತಲೆಯ ಮೇಲೆ ಇನ್ನೊಂದು ಸಣ್ಣ ಚೌಕ: ಬುಟ್ಟಿ.
ಹೊತ್ತರೆ ಜಿಗಿತ ಅರ್ಧ,
ಇಳಿಸಿದರೆ ಪೂರ್ತಿ.
ಈ ಒಂದು ಲೆಕ್ಕದ ಮೇಲೆ ಹನ್ನೊಂದು ಹಂತ ನಿಲ್ಲಿಸಿದ್ದೆ,
ಗಜನಿಯ ಕಟ್ಟೆ, ಜಂತ್ರಡಿಯ ಹಲಗೆ,
ಆರಾರು ಗಂಟೆಗೆ ಏರಿ ಇಳಿವ ಉಪ್ಪುನೀರನ್ನು
ನಲವತ್ತು ಸೆಕೆಂಡಿಗೆ ಕುಗ್ಗಿಸಿ.

ಇನಾಸನ ಪಾಲಿಗೆ ಕಥೆ.
ಅವನು ಬರೆದ: ಚೌಕಕ್ಕೊಬ್ಬ ಅಣ್ಣ,
ಅಣ್ಣನಿಗೊಂದು ದೋಣಿ, ದೋಣಿಗೊಂದು ಕೆಟ್ಟ ಅಮಾವಾಸ್ಯೆ.
ಕಟ್ಟೆ ಹತ್ತಿದಾಗೆಲ್ಲ ಒಂದು ಸಾಲು ತೇಲಿ ಬರಬೇಕು,
‘ನೆನಪೂ ಒಂದು ಭಾರ’ ಎಂಬಂಥದ್ದು.
ಒಟ್ಟು ಅರವತ್ತೆರಡು ಸಾಲು.
ಚೆನ್ನಾಗಿಯೇ ಇದ್ದವು, ಅದೇ ತೊಂದರೆ.

“ಕಥೆ ತೆಗೆದರೆ ಇದು ಬರೀ ಹಾರುವ ಡಬ್ಬಿ” ಅಂದ.
“ಕಥೆ ತುಂಬಿದರೆ ಹೆಬ್ಬೆರಳಿಗೆ ಜೊಂಪು ಹತ್ತುತ್ತದೆ” ಅಂದೆ.
ಕೆಳಗೆ ಐಸ್ ಒಡೆಯುವ ಯಂತ್ರ
ಇಬ್ಬರ ಮಾತನ್ನೂ ಪುಡಿ ಮಾಡಿತು.
ಮೂರು ದಿನ ಬೇರೆ ಬೇರೆ ಅಂಗಡಿಯಲ್ಲಿ ಚಹಾ ಕುಡಿದೆವು.

ನಾಲ್ಕನೆಯ ದಿನ, ಅಘನಾಶಿನಿಗೆ ಹೋಗುವ ದೋಣಿ ಕಾಯುತ್ತ ಕೂತಿದ್ದ
ಮಂಕಾಳಿಯಕ್ಕನ ಕೈಗೆ ಫೋನು ಕೊಟ್ಟೆ.
ಬಳಚು ಹೆಕ್ಕಿ ಬಂದವಳು. ಸೀರೆಯ ಅಂಚಿನ ಕೆಸರು
ಒಣಗಿ ಹೊಪ್ಪಳಿಕೆ.
ಬೆರಳನ್ನು ಸೊಂಟಕ್ಕೆ ಒರೆಸಿ ಪರದೆ ಮುಟ್ಟಿದಳು,
ಮೀನು ತಾಜಾ ಹೌದೋ ಎಂದು ಒತ್ತಿ ನೋಡುವ ಹಾಗೆ.

ಇನಾಸನ ಸಾಲುಗಳು ಬಂದವು, ಹೋದವು.
ಅಂಗಡಿಯ ಬೋರ್ಡುಗಳ ಪಕ್ಕ ನಡೆದಂತೆ ನಡೆದುಬಿಟ್ಟಳು.
ಅವನು ಹೊಳೆಯ ಕಡೆ ಮುಖ ತಿರುಗಿಸಿದ.
ನನಗೆ ಒಳಗೊಳಗೇ ಖುಷಿ,
ಆರನೆಯ ಹಂತದ ತನಕ.

ಆರರಲ್ಲಿ ಕಟ್ಟೆ ಎತ್ತರ.
ಬುಟ್ಟಿ ಇಳಿಸಬೇಕು, ಹಾರಬೇಕು, ಮುಗಿಯಿತು.
ನಾನಿಟ್ಟ ಉತ್ತರ ಅದೊಂದೇ.
ಅವಳು ಹಾರಿದಳು, ಬಿದ್ದಳು. ಹಾರಿದಳು, ಬಿದ್ದಳು.
ಹದಿನೇಳು ಸಲ.
ತಡೆಯಲಾರದೆ ಹೇಳಿದೆ: “ಬುಟ್ಟಿ ಬಿಟ್ಟರೆ ದಾಟಬಹುದು ಅಕ್ಕಾ.”
ಅವಳು ತಲೆಯೆತ್ತಲಿಲ್ಲ.
“ಖಾಲಿ ಕೈಲಿ ಆಚೆ ದಡಕ್ಕೆ ಹೋಗಿ ಎಂತಾ ಮಾಡೂದು ತಂಗಿ?”

ಆಮೇಲೆ ಏನನ್ನೂ ಒತ್ತಲಿಲ್ಲ.
ಹತ್ತು ಸೆಕೆಂಡು. ಇಪ್ಪತ್ತು.
ಫೋನು ಕೆಟ್ಟಿತೇನೋ ಅಂದುಕೊಂಡೆ.
ಗೆರೆ ಏರಿತು. ಚೌಕದ ಮೊಣಕಾಲು,
ಅದಕ್ಕೆಲ್ಲಿ ಮೊಣಕಾಲು, ಆದರೂ ಮೊಣಕಾಲು,
ಸೊಂಟ, ಕೊರಳು.
ಬುಟ್ಟಿ ತೇಲಿತು.
ಒಂಬತ್ತನೆಯ ಹಂತಕ್ಕೆಂದು ನಾನು ಕೊಟ್ಟಿದ್ದ ತೇಲುವ ಗುಣ
ಇಲ್ಲಿಗೇ ಬಂದು ಅವಳ ಮಾತು ಕೇಳಿತು.
ನನ್ನ ಲೆಕ್ಕದಲ್ಲಿ ನೀರೆಂದರೆ ಸಾವು.
ಬುಟ್ಟಿ ಹಿಡಿದವರು ಮುಳುಗುವುದಿಲ್ಲವೆಂದು
ಬರೆದ ನನಗೇ ಗೊತ್ತಿರಲಿಲ್ಲ.
ನೂಕುತ್ತ ನೂಕುತ್ತ ಕಟ್ಟೆಯ ನೆತ್ತಿ ಸವರಿ, ಆಚೆಗೆ.
“ಭರ್ತಿಗೆ ಕಾಯ್ಬೇಕು” ಅಂದಳು,
ನನಗಲ್ಲ, ಚೌಕಕ್ಕೆ.

ದೋಣಿ ಬಂತು. ಫೋನು ಮರಳಿಸಿ ಹೋದಳು,
ಏಳನೆಯದರಲ್ಲಿ ಏನಿದೆ ಎಂದು ಕೇಳದೆ.

ಆ ರಾತ್ರಿ ಇನಾಸ್ ತಾನೇ ಕೂತು ಅಳಿಸಿದ.
ದೋಣಿ ಹೋಯಿತು, ಅಮಾವಾಸ್ಯೆ ಹೋಯಿತು.
ನಾನು ಆರನೆಯ ಕಟ್ಟೆಯನ್ನು ಎರಡು ಗೇಣು ಏರಿಸಿದೆ,
ಬುಟ್ಟಿ ಬಿಟ್ಟು ಹಾರಿದವರು ದಾಟದಂತೆ.
ಮತ್ತೆ ಇಳಿಸಿದೆ. ಬಿಟ್ಟು ಹೋಗುವವರಿಗೂ
ಒಂದು ದಾರಿ ಇರಲಿ.
ಬರಿಗೈಲಿ ಆಚೆ ದಡ ಮುಟ್ಟಿದವರಿಗೆ
ನಾವು ಏನನ್ನೂ ಹೇಳಬಾರದು ಎಂಬುದನ್ನು
ಇಬ್ಬರೂ ಒಪ್ಪಿದೆವು, ಜಗಳವಿಲ್ಲದೆ.

ಒಂದು ಸಾಲು ಮಾತ್ರ ಅವನು ಅಳಿಸಲಿಲ್ಲ.
‘ಬೇಡ’ ಎಂಬ ಹೆಸರಿನ ಫೈಲಿನಲ್ಲಿ ಇಟ್ಟ.
ನಾನು ತೆರೆದು ನೋಡಿಲ್ಲ.
ಅವನಿಗೆ ನಿಜಕ್ಕೂ ಒಬ್ಬ ಅಣ್ಣ ಇದ್ದ, ಅಷ್ಟು ಗೊತ್ತು.

ಬೆಳಿಗ್ಗೆ ನೀರನ್ನು ತುಸು ನಿಧಾನ ಮಾಡಿದೆ,
ನಲವತ್ತರ ಬದಲು ಐವತ್ತು ಸೆಕೆಂಡು.