ಆರು ನಿಮಿಷದ ಪಾಠ

ಕುಲಶೇಖರದ ಬಿ.ಎಡ್. ಕಾಲೇಜು, ಹೋಟೆಲಿನ ಮೇಲಿನ ಮಹಡಿ.
ಹನ್ನೊಂದು ಜನ ಸಹಪಾಠಿಗಳು ಈಗ ಏಳನೇ ಕ್ಲಾಸು;
ಹರಿಣಾಕ್ಷಿಗೆ ಮೂವತ್ತೆಂಟು,
ಅವಳೂ ಏಳನೇ ಕ್ಲಾಸು.

ನಾನು ಟೀಚರು. ಭಿನ್ನರಾಶಿ.
ಬೆವರಿಗೆ ಸೀಮೆಸುಣ್ಣ ಮೆತ್ತಿಕೊಳ್ಳುತ್ತದೆ.
ಕೊನೆಯ ಬೆಂಚಲ್ಲಿ ಸಿಂತಿಯಾ ಮೇಡಂ, ಸ್ಟಾಪ್‌ವಾಚು.

ಪಾಠಯೋಜನೆಯಲ್ಲಿ ಬರೆದಿದ್ದೆ:
ಇಲ್ಲಿ ಮಕ್ಕಳು ‘ಅರ್ಥವಾಯಿತು’ ಅನ್ನುತ್ತಾರೆ.
ಹತ್ತು ಮಕ್ಕಳು ಅಂದರು.

ಹರಿಣಾಕ್ಷಿ ಕೈಯೆತ್ತಿದಳು,
ಬಳೆ ಮೊಣಕೈವರೆಗೆ ಜಾರಿತು:
‘ಟೀಚರ್, ಕೆಳಗಿನ ಅಂಕೆ ದೊಡ್ಡದಾದರೆ
ಪಾಲು ಎಂತಕ್ಕೆ ಸಣ್ಣದಾಗುವುದು?’

ಎಲ್ಲರೂ ನಕ್ಕರು, ಎಷ್ಟು ಚಂದ ನಟಿಸುತ್ತಾಳೆಂದು.
ಅವಳು ನಗಲಿಲ್ಲ.
ಇಪ್ಪತ್ತಾರು ವರ್ಷ ಡೆಸ್ಕಿನಡಿ ಇಟ್ಟುಕೊಂಡಿದ್ದ ಕೈ ಅದು.

ಯೋಜನೆ ಮಡಚಿಟ್ಟೆ.
ಕೆಳಗಿಂದ ವಾಸನೆ ಬರುತ್ತಿತ್ತಲ್ಲ,
ಬೋರ್ಡಿನಲ್ಲಿ ಒಂದು ಬನ್ಸ್ ಬರೆದೆ.
ಇಬ್ಬರಿಗೆ ಹರಿದೆ. ಎಂಟು ಜನ ಬಂದರು.

ಹದಿನಾಲ್ಕು ನಿಮಿಷ. ಮೇಡಂ ತಡೆಯಲಿಲ್ಲ.
ಸಂಜೆ ಹಾಳೆ ಕೊಟ್ಟರು:
ಸಮಯಪಾಲನೆ, ಐದರಲ್ಲಿ ಒಂದು.