ಎರಡು ಸೀಟು

ಸ್ಟಾಫ್‌ರೂಮಿನ ಹಲಗೆಯಲ್ಲಿ
ಪರೀಕ್ಷೆಯ ವೇಳಾಪಟ್ಟಿ ಅರ್ಧ ಮುಚ್ಚಿದ ಸುತ್ತೋಲೆ:
ಆಲಿ ಊರಿನಲ್ಲಿ ಐದು ದಿನ, ಮಣ್ಣಿನ ಕೆಲಸದ ಶಿಬಿರ.
ಶಾಲೆಗೆ ಎರಡು ಸೀಟು.
ಶಿಕ್ಷಕರು ಒಬ್ಬರು, ವಿದ್ಯಾರ್ಥಿ ಒಬ್ಬರು.
ಕೊನೆಯ ದಿನ ಗುರುವಾರ.

ಹನ್ನೊಂದು ವರ್ಷವಾಯಿತು ನಾನು ಮನಾಮಕ್ಕೆ ಬಂದು.
ಗದಗಿನಲ್ಲಿ ಡ್ರಾಯಿಂಗ್ ಹೈಯರ್ ಪಾಸಾದವಳು
ಇಲ್ಲಿ ಬರೆದದ್ದಕ್ಕಿಂತ ಕತ್ತರಿಸಿದ್ದೇ ಹೆಚ್ಚು:
ಥರ್ಮೋಕೋಲಿನ ಅಕ್ಷರ, ಬಣ್ಣದ ಕಾಗದದ ಅಂಚು,
ಇನ್‌ಸ್ಪೆಕ್ಷನ್ನಿನ ಹಿಂದಿನ ದಿನ ಅಂಟಿಸಿ
ಮರುದಿನ ಕೀಳುವುದು.
ಪರೀಕ್ಷೆ ಬಂತೆಂದರೆ ನನ್ನ ಪಿರಿಯಡ್ಡು ಗಣಿತದ ಪಾಲು.
ಕೊಡ್ತೀರಾ ಎಂದು ಕೇಳುವುದೂ ಇಲ್ಲ ಈಗ,
ಡಸ್ಟರ್ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ.

"ವೈಗಾಳ ಹೆಸರು ಬರೆಯಿರಿ" ಎಂದರು ಪ್ರಿನ್ಸಿಪಾಲರು,
"ಟ್ರೋಫಿ ತಂದ ಹುಡುಗಿ."
ನಿಜ. ವೈಗಾಳ ಖರ್ಜೂರದ ಮರದ ನೆರಳು
ಬೀಳಬೇಕಾದ ಕಡೆಗೇ ಬೀಳುತ್ತದೆ.
ಆದರೆ ಅದೇ ವಾರ ಅವಳಿಗೆ ಅಬಾಕಸ್ ಫೈನಲ್.
ಸೀಟು ತಾನಾಗಿ ಖಾಲಿಯಾಯಿತು, ನನ್ನ ಗೆಲುವೇನಲ್ಲ.

ನನ್ನ ತಲೆಯಲ್ಲಿದ್ದವನು ಮುಬೀನ, ಎಂಟನೇ ಬಿ.
ಅವನು ಬರೆಯುವುದು ಒಂದನ್ನೇ:
ಗೋಡೆಗೆ ಜೋತುಬಿದ್ದ ಏಸಿಯ ಹೊರಪೆಟ್ಟಿಗೆ.
ಗುದೈಬಿಯಾದ ಗಲ್ಲಿಯದು, ಮಸೀದಿಯ ಹಿಂದಿನದು,
ತುಕ್ಕು ತಿಂದದ್ದು, ಪಾರಿವಾಳ ಮೊಟ್ಟೆಯಿಟ್ಟದ್ದು,
ಒಂದರಂತೆ ಒಂದಿಲ್ಲ,
ಮದುವೆಯ ಫೋಟೋದಲ್ಲಿ ಸಾಲಾಗಿ ನಿಂತ ನೆಂಟರ ಹಾಗೆ.
'ನಮ್ಮ ಪರಂಪರೆ' ಸ್ಪರ್ಧೆಗೂ ಅದೇ.
ಪೆಟ್ಟಿಗೆ, ಪಕ್ಕದ ಪೈಪಿನಿಂದ ತೊಟ್ಟಿಕ್ಕುವ ನೀರು,
ನೀರು ಬಿದ್ದಲ್ಲಿ, ಸಿಮೆಂಟಿನ ಸೀಳಿನಲ್ಲಿ
ಬೆರಳುದ್ದದ ಹುಲ್ಲು.
ತೀರ್ಪುಗಾರರು ಹಾಳೆ ತಿರುವಿ ಹಿಂದೆಯೂ ನೋಡಿದರು.
'ವಿಷಯಕ್ಕೆ ಹೊರತು' ಎಂದು ಷರಾ.

ಅವನ ಅಪ್ಪ ದಸ್ತಗೀರ್, ಮಾನ್ವಿಯವರು, ಏಸಿ ರಿಪೇರಿ.
ಬುಧವಾರ ರಾತ್ರಿ ನಮ್ಮ ಬಿಲ್ಡಿಂಗಿನ ಕೆಳಗೆ ಬಂದರು,
ಕೆಲಸದ ಬಟ್ಟೆಯಲ್ಲೇ, ಸಹಿ ಹಾಕಲು.
"ಇದಕ್ಕ ಮಾರ್ಕ್ಸ್ ಅದಾವೇನ್ರಿ?"
ಇಲ್ಲ.
"ಮತ್ತ ಏನ್ ಬರ್ತದ್ರಿ ಇದರಿಂದ?"
ಸುತ್ತೋಲೆಯ ಮಾತುಗಳನ್ನು ಹುಡುಕಿದೆ,
ಸೃಜನಶೀಲತೆ, ಸರ್ವತೋಮುಖ ಬೆಳವಣಿಗೆ...
ಬಾಯಿಗೆ ಬರಲಿಲ್ಲ ಒಂದೂ.
"ಗೊತ್ತಿಲ್ರಿ" ಅಂದೆ.
ಅವರು ನಕ್ಕು, ವ್ಯಾನಿನ ಬಾನೆಟ್ಟಿನ ಮೇಲೆ ಫಾರ್ಮಿಟ್ಟು
ಸಹಿ ಮಾಡಿದರು. ಹೆಬ್ಬೆರಳಿನ ಗ್ರೀಸು
ಅಂಚಿನಲ್ಲಿ ಕೂತಿತು, ಗೆರೆಗೆರೆಯೂ ಕಾಣುವಂತೆ.

ಗುರುವಾರ ಆಫೀಸಿನವರು ವಾಪಸು ಕೊಟ್ಟರು:
ಕೊಳೆಯಾಗಿದೆ, ಬೇರೆ ತನ್ನಿ.
ಮಧ್ಯಾಹ್ನದೊಳಗೆ ಸೀಫಿನ ಯಾವುದೋ ಟೆರೇಸು ಹತ್ತಿ
ಇನ್ನೊಂದು ಸಹಿ ತಂದೆ.
ಮೊದಲಿನದು ನನ್ನ ಬಳಿಯೇ ಇದೆ.

ಆಲಿ. ಸಾವಿರಾರು ವರ್ಷದ ಗೋರಿದಿಬ್ಬಗಳು,
ಮಗ್ಗುಲಲ್ಲೇ ಹೊಗೆಯಾಡುವ ಆವಿಗೆ.
ಜಾಫರಜ್ಜ ಗುಂಡಿಯಲ್ಲಿ ಕೂತು ಕಾಲಲ್ಲಿ ಚಕ್ರ ತಿರುಗಿಸುತ್ತಾನೆ.
ನನ್ನ ಅರಬ್ಬಿ ತರಕಾರಿ ಅಂಗಡಿಯಷ್ಟು ಮಾತ್ರ.
ಚಕ್ರ ತಟ್ಟಿ ತೋರಿಸಿ "ತಿಗರಿ" ಎಂದೆ.
"ತಿಗರಿ" ಎಂದ ಅಜ್ಜ, ಮತ್ತೆ ಕಾಲಾಡಿಸಿದ.

ಮೊದಲ ದಿನ ಮುಬೀನ ಮುಟ್ಟಲೇ ಇಲ್ಲ.
"ಟೀಚರ್, ಒದ್ದೆ ಇದೆ."
ಹುಟ್ಟಿದ್ದು ನಾಲ್ಕನೇ ಮಹಡಿ, ಆಡಿದ್ದು ಪಾರ್ಕಿಂಗಿನಲ್ಲಿ;
ಅವನಿಗೆ ಮಣ್ಣೆಂದರೆ ಗಾಳಿಯಲ್ಲಿ ಬಂದು
ಕಿಟಕಿಯ ಮೇಲೆ ಕೂರುವಂಥದು.
ಎರಡನೆಯ ದಿನ ಮೊಣಕೈತನಕ.
ಮೂರನೆಯ ದಿನ, ಅವನು ಉಸಿರು ಹಿಡಿದು ಎತ್ತಿದ ಹೂಜಿಯನ್ನು
ಅಜ್ಜ ಬಂದು ಒಂದೇ ಏಟಿಗೆ ಮುದ್ದೆ ಮಾಡಿದ.
ಹುಡುಗ ನನ್ನ ಮುಖ ನೋಡಿದ.
ನಾನು ನನ್ನ ಬಟ್ಟಲು ಬಚ್ಚಿಟ್ಟುಕೊಂಡೆ.
ಅಜ್ಜ ಅದನ್ನೂ ಬಿಡಲಿಲ್ಲ.

ಹದಿನೈದು ದಿನಕ್ಕೆ ಸುಟ್ಟ ಸಾಮಾನು ಬಂತು.
ನನ್ನ ಎರಡನೆಯ ಬಟ್ಟಲು ಸೋರುತ್ತದೆ.
ವರದಿಯಲ್ಲಿ 'ಕಲಿಕೆಯ ಫಲ' ಎಂಬ ಕಾಲಂ
ಇನ್ನೂ ತುಂಬಿಲ್ಲ.
ಮುಬೀನ ಮಾಡಿದ್ದು ಏನೆಂದು ಬೇರೆ ಹೇಳಬೇಕೆ?
ಅಂಗೈಯಗಲದ ಪೆಟ್ಟಿಗೆ, ಒಂದು ಮೂಲೆ ಸೀಳಿದೆ.

ದಸ್ತಗೀರ್ ಅದನ್ನು ವ್ಯಾನಿನ ದೀಪಕ್ಕೆ ಹಿಡಿದರು,
ತಿರುಗಿಸಿದರು, ಬಗ್ಗಿ ಒಳಗೆ ಇಣುಕಿದರು,
ಉಗುರಿನಿಂದ ಸೀಳು ಸವರಿದರು.
"ಕಂಪ್ರೆಸರ್ ಬಲಕ್ಕ ಇರ್ತದೋ.
ಎಡಕ್ಕ ಮಾಡೀಯಲ್ಲ."